ಚಾಲಕನಿಲ್ಲದ ಲಾರಿ ಬರುವ ಮೊದಲು, ಕಾಯುವ ಚಾಲಕನ ಲೆಕ್ಕ ಬರೆಯಿರಿ

ಮಾನ್ಯ ಸಾರಿಗೆ ಸಚಿವರಿಗೆ ಮತ್ತು ಮಾನ್ಯ ಕಾರ್ಮಿಕ ಸಚಿವರಿಗೆ,
ಕರ್ನಾಟಕ ಸರ್ಕಾರ.

ನಮಸ್ಕಾರ.

ವಿಜಯಪುರದ ಒಂದು ಹುಂಡೇಕಾರಿ ಆಫೀಸಿನಲ್ಲಿ ಕುಳಿತು ಲಾರಿಗಳಿಗೆ ಲೋಡು ಹಚ್ಚಿಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು ಹತ್ತು ಗಾಲಿಯ ಗಾಡಿ ಓಡಿಸಿದವನು. ಚಳಿಗಾಲದ ಅಧಿವೇಶನಕ್ಕೆ ನೀವಿಬ್ಬರೂ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬರುತ್ತೀರಿ ಎಂಬ ನಂಬಿಕೆಯ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ವಿಷಯ, ಚಾಲಕನಿಲ್ಲದ ಲಾರಿ. ರಸ್ತೆಯ ತಗ್ಗು ಮುಚ್ಚಿಸಿರಿ ಎಂದು ಬೇಡುವ ಸೀಮೆಯಿಂದ ಇದೆಂಥ ಪತ್ರ ಬಂತು ಎಂದು ನಿಮ್ಮ ಆಪ್ತ ಸಹಾಯಕರು ನಗಬಹುದು. ತಗ್ಗಿನ ಪತ್ರ ಬೇರೆ ಕಳಿಸಿದ್ದೇವೆ. ಅದಕ್ಕೆ ಉತ್ತರ ಬಂದಿಲ್ಲ, ಅದು ಬೇರೆ ಮಾತು.

ನಮ್ಮ ಹುಡುಗರು ಢಾಬಾದಲ್ಲಿ ಊಟಕ್ಕೆ ಕುಳಿತಾಗ ಮೊಬೈಲಿನಲ್ಲಿ ಇಂಥ ವಿಡಿಯೊ ನೋಡುತ್ತಾರೆ. ಸ್ಟೇರಿಂಗ್ ತಾನೇ ತಿರುಗುತ್ತದೆ, ಸೀಟು ಖಾಲಿ. "ಅಣ್ಣಾ, ಇದು ನಮ್ಮ ಕಡೆ ಯಾವಾಗ ಬರ್ತದ?" ಎಂದು ಕೇಳುತ್ತಾರೆ. ಕೆಲವರಿಗೆ ತಮಾಷೆ, ಕೆಲವರಿಗೆ ಅಂಜಿಕೆ. ಸಾಲ ತೆಗೆದು ಗಾಡಿ ಕೊಂಡವನ ಮುಖದ ಮೇಲೆ ಎರಡೂ ಇರುತ್ತವೆ.

2023ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು, ಚಾಲಕರಹಿತ ಕಾರುಗಳನ್ನು ಭಾರತಕ್ಕೆ ಬರಗೊಡುವುದಿಲ್ಲ, ಬಂದರೆ 70–80 ಲಕ್ಷ ಚಾಲಕರ ಕೆಲಸ ಹೋಗುತ್ತದೆ ಎಂದಿದ್ದರು. ಒಳ್ಳೆಯ ಮಾತು, ಚಪ್ಪಾಳೆ ಹೊಡೆದೆವು. ಆದರೆ ಸಚಿವರ ಮಾತು ಬೇರೆ, ಕಾಯ್ದೆ ಬೇರೆ. ಪರವಾನಗಿ ಇಲ್ಲದೆ ಯಾರೂ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸಕೂಡದು ಎಂದು 1988ರ ಮೋಟಾರು ವಾಹನ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಅದೇ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 2ಬಿ ಎಂಬ ಕಲಂ ಸೇರಿದೆ. ಹೊಸ ಆವಿಷ್ಕಾರ, ಸಂಶೋಧನೆಗೆ ಪ್ರೋತ್ಸಾಹ ಕೊಡುವ ಸಲುವಾಗಿ ಕೆಲವು ಬಗೆಯ ವಾಹನಗಳಿಗೆ ಕೇಂದ್ರ ಸರ್ಕಾರ ಈ ಕಾಯ್ದೆಯಿಂದ ವಿನಾಯಿತಿ ಕೊಡಬಹುದು ಎಂಬುದು ಅದರ ಸಾರ. ಮುಂಬಾಗಿಲಿಗೆ ಕೀಲಿ ಹಾಕಿದ್ದೇವೆ ಎನ್ನುತ್ತಾರೆ. ಹಿತ್ತಲ ಬಾಗಿಲ ಚಿಲಕ ಕಾಯ್ದೆಯಲ್ಲೇ ಸಡಿಲ ಇದೆ.

ಹೊರಗಿನ ದೇಶಗಳಲ್ಲಿ ಇದು ಎಲ್ಲಿಗೆ ಬಂದಿದೆ ಎಂಬುದನ್ನು ಹೆಚ್ಚು ಎಳೆಯದೆ ಹೇಳುತ್ತೇನೆ. 2025ರ ಮೇ ತಿಂಗಳ ಹೊತ್ತಿಗೆ ಅಮೆರಿಕದ ಟೆಕ್ಸಾಸ್‌ನಲ್ಲಿ ಅರೋರಾ ಎಂಬ ಕಂಪನಿ ಡಲ್ಲಾಸ್‌–ಹ್ಯೂಸ್ಟನ್ ನಡುವೆ, ಕ್ಯಾಬಿನ್ನಿನಲ್ಲಿ ಯಾರೂ ಇಲ್ಲದ ಲಾರಿಯಲ್ಲಿ ಬಾಡಿಗೆಯ ಮಾಲು ಸಾಗಿಸಲು ಶುರು ಮಾಡಿತು. ಕೆಲವೇ ವಾರಗಳಲ್ಲಿ, ಲಾರಿ ತಯಾರಿಸಿದ ಪ್ಯಾಕಾರ್ ಕಂಪನಿಯ ಕೋರಿಕೆಯಂತೆ, ಸೀಟಿನಲ್ಲಿ ಮತ್ತೆ ಒಬ್ಬನನ್ನು ಕೂರಿಸಿತು. ಓಡಿಸುತ್ತಿದ್ದದ್ದು ಯಂತ್ರವೇ, ಅವನು ನೋಡುತ್ತ ಕೂರಬೇಕಿತ್ತು. ಅದಕ್ಕಿಂತ ಮೊದಲು ಇದೇ ಹಾದಿಯಲ್ಲಿ ಹೊರಟ ಎಷ್ಟೋ ಕಂಪನಿಗಳು ಅರ್ಧದಲ್ಲೇ ನಿಂತಿವೆ. ಊಬರ್ 2018ರಲ್ಲಿ ಲಾರಿ ವಿಭಾಗ ಮುಚ್ಚಿತು, ಸ್ಟಾರ್‌ಸ್ಕಿ 2020ರಲ್ಲಿ ಬಾಗಿಲು ಹಾಕಿತು, ವೇಮೋ 2023ರಲ್ಲಿ ಲಾರಿಯ ಕೆಲಸ ಬದಿಗಿಟ್ಟು ಟ್ಯಾಕ್ಸಿ ಹಿಡಿಯಿತು. ಹೀಗಾಗಿ ನಾಳೆ ಬೆಳಿಗ್ಗೆ ಎಲ್ಲರ ಕೆಲಸ ಹೋಗುತ್ತದೆ ಎಂದು ಹೆದರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ.

ಗಣಿಯ ಒಳಗಿನ ಕಥೆಯೇ ಬೇರೆ. ಆಸ್ಟ್ರೇಲಿಯಾದ ಪಿಲ್ಬಾರಾ ಕಬ್ಬಿಣದ ಗಣಿಗಳಲ್ಲಿ ಚಾಲಕರಿಲ್ಲದ ಭಾರಿ ಡಂಪರುಗಳು ಓಡಲು ಶುರುವಾಗಿ ಹದಿನೈದು ವರ್ಷದ ಮೇಲಾಯಿತು. ಚೀನಾದ ಒಳ ಮಂಗೋಲಿಯಾದ ಯಿಮಿನ್ ಕಲ್ಲಿದ್ದಲು ಗಣಿಯಲ್ಲಿ 2025ರಲ್ಲಿ ಇಂಥ ನೂರು ವಿದ್ಯುತ್ ಲಾರಿಗಳನ್ನು ಒಟ್ಟಿಗೇ ಇಳಿಸಿದರು. ಬೇಲಿಯ ಒಳಗೆ ಎಮ್ಮೆ ಬರುವುದಿಲ್ಲ, ಜಾತ್ರೆ ಬರುವುದಿಲ್ಲ, ಕಾಯ್ದೆಯ ಕಿರಿಕಿರಿಯೂ ಕಡಿಮೆ. ಸಿಮೆಂಟಿಗಾಗಿ ಸುಣ್ಣದ ಕಲ್ಲು ಎತ್ತುವ ಲೋಕಾಪುರ, ಮುದ್ದಾಪುರದ ಕಡೆಯವರು ಇದನ್ನು ನೆನಪಿಡಬೇಕು. ನಮ್ಮ ಸೀಮೆಯಲ್ಲಿ ಈ ಯಂತ್ರ ಮೊದಲು ಕಾಣಿಸಿದರೆ ಹೆದ್ದಾರಿಯಲ್ಲಿ ಕಾಣಿಸಲಿಕ್ಕಿಲ್ಲ. ಯಾರದೋ ಕಾಂಪೌಂಡಿನ ಒಳಗೆ, ಯಾರಿಗೂ ಸುದ್ದಿಯಾಗದ ಹಾಗೆ ಬಂದಿರುತ್ತದೆ.

ಹೆದ್ದಾರಿಗೆ ಬಂದಾಗಲೂ ಅದು ಎಲ್ಲ ಕೆಲಸವನ್ನೂ ಕೇಳುವುದಿಲ್ಲ. ಲೇಸರ್ ಬಿಟ್ಟು ದೂರ ಅಳೆಯುವ ಲೈಡಾರ್, ರಾಡಾರ್, ಕ್ಯಾಮೆರಾ, ಜೊತೆಗೆ ರಸ್ತೆಯ ಪ್ರತಿ ಪಟ್ಟಿಯನ್ನೂ ಮೊದಲೇ ಬರೆದಿಟ್ಟುಕೊಂಡ ನಕಾಶೆ. ಇಷ್ಟರ ಮೇಲೆ ಅದು ನಡೆಯುತ್ತದೆ. ಆದ್ದರಿಂದ ಆ ಕಂಪನಿಗಳ ಲೆಕ್ಕ ಬಹಳ ಸರಳ: ಊರ ಹೊರಗಿನ ಯಾರ್ಡಿನಿಂದ ಇನ್ನೊಂದು ಊರ ಹೊರಗಿನ ಯಾರ್ಡಿನವರೆಗೆ ಯಂತ್ರ, ಯಾರ್ಡಿನಿಂದ ಒಳಗೆ ಮನುಷ್ಯ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಮೇಲೆ ಹಾದುಹೋಗುವ ಸುಮಾರು 700 ಕಿ.ಮೀ. ಉದ್ದದ ಪುಣೆ–ಬೆಂಗಳೂರು ಹೊಸ ಎಕ್ಸ್‌ಪ್ರೆಸ್ ವೇ ಯೋಜನೆ ಕೇಂದ್ರದ ಮುಂದಿದೆ. ಎರಡೂ ಬದಿ ಬೇಲಿ, ಅಡ್ಡರಸ್ತೆ ಇಲ್ಲ, ಟ್ರ್ಯಾಕ್ಟರ್‌ಗೆ ಪ್ರವೇಶ ಇಲ್ಲ ಎಂಬಂಥ ರಸ್ತೆ. ಇಂಥ ಯಂತ್ರಕ್ಕೆ ಅದಕ್ಕಿಂತ ಒಳ್ಳೆಯ ಹಾಸಿಗೆ ಸಿಗುತ್ತದೆಯೇ?

ನನ್ನ ಮುಖ್ಯ ಮಾತು ಇಲ್ಲಿಂದ ಶುರು. ನಮ್ಮ ಚಾಲಕನಿಗೆ ಸಂಬಳ ಬರುವುದು ಟ್ರಿಪ್ಪಿನ ಲೆಕ್ಕದಲ್ಲಿ. ಗಾಲಿ ಉರುಳಿದರೆ ದುಡ್ಡು. ಉದ್ದ ರೂಟ್ ಸಿಕ್ಕರೆ ಭತ್ಯೆಯಲ್ಲಿ ನಾಲ್ಕು ಕಾಸು ಉಳಿಯುತ್ತದೆ, ಮನೆಗೆ ಕಳಿಸಬಹುದು. ಉಳಿದದ್ದೆಲ್ಲ ಬಿಟ್ಟಿ ಕೆಲಸ. ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುವುದು, ಹಮಾಲರ ಜೊತೆ ಜಗ್ಗಾಡುವುದು, ಮಾಲಿನ ಜೊತೆ ಇರಬೇಕಾದ ಇ-ವೇ ಬಿಲ್ಲಿನ ಅವಧಿ ಮುಗಿಯುತ್ತದೆಂದು ವ್ಯಾಪಾರಿಗೆ ಫೋನ್ ಹಚ್ಚುವುದು, ರಾತ್ರಿ ಕಳ್ಳರಿಂದ ಡೀಸೆಲ್ ಕಾಯುವುದು, ಎಲ್ಲಕ್ಕಿಂತ ಹೆಚ್ಚು, ಗೇಟಿನ ಮುಂದೆ ಕಾಯುವುದು. ಯಂತ್ರ ಬಂದರೆ ಕಸಿದುಕೊಳ್ಳುವುದು ದುಡ್ಡು ಕೊಡುವ ಉದ್ದ ರೂಟನ್ನು. ಬಿಟ್ಟಿ ಕೆಲಸವನ್ನು ಅದು ನಮಗೇ ಬಿಟ್ಟುಹೋಗುತ್ತದೆ. ಅಂದರೆ ಚಾಲಕ ಪೂರ್ತಿ ಇಲ್ಲವಾಗುವುದಿಲ್ಲ. ಅವನು ಯಾರ್ಡಿನಿಂದ ಫ್ಯಾಕ್ಟರಿಗೆ, ಫ್ಯಾಕ್ಟರಿಯಿಂದ ಯಾರ್ಡಿಗೆ ಓಡಾಡುತ್ತ, ದಿನದ ಮುಕ್ಕಾಲು ಪಾಲು ಕಾಯುತ್ತ, ಟ್ರಿಪ್ ಲೆಕ್ಕದಲ್ಲಿ ಈಗಿನದಕ್ಕಿಂತ ಕಡಿಮೆ ಗಳಿಸುವವನಾಗುತ್ತಾನೆ.

ಕಾಯುವುದು ಅಂದರೆ ಏನು ಎಂದು ನಿಮಗೆ ಹೇಳಬೇಕು. ಹಂಗಾಮಿನಲ್ಲಿ ಯಾವುದಾದರೂ ಸಕ್ಕರೆ ಕಾರ್ಖಾನೆಯ ಯಾರ್ಡಿಗೆ ಹೋಗಿ ನೋಡಿರಿ. ಹೆಸರು ಬೇಡ, ಎಲ್ಲ ಕಡೆಯೂ ಅದೇ. ಕಬ್ಬು ಹೇರಿದ ಲಾರಿ, ಟ್ರ್ಯಾಕ್ಟರ್, ಎತ್ತಿನ ಗಾಡಿ ಸಾಲುಗಟ್ಟಿ ನಿಂತಿರುತ್ತವೆ. ಟೋಕನ್ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಚಾಲಕ ಗಾಡಿಯ ಕೆಳಗೆ, ಹಿಂದಿನ ಎರಡು ಗಾಲಿಗಳ ನಡುವೆ ಹಾಸಿಕೊಂಡು ಮಲಗುತ್ತಾನೆ. ಕ್ಯಾಬಿನ್ನಿನಲ್ಲಿ ಮಲಗಿದರೆ ಸಾಲು ಮುಂದೆ ಸರಿದದ್ದು ಗೊತ್ತಾಗುವುದಿಲ್ಲ ಎಂದು ಕ್ಲೀನರ್ ಹುಡುಗನನ್ನು ಮೇಲೆ ಕೂರಿಸಿರುತ್ತಾನೆ. ರಾತ್ರಿ ಎರಡು ಗಂಟೆಗೆ ಸಾಲು ಹತ್ತು ಮಾರು ಸರಿಯುತ್ತದೆ. ಎದ್ದು ಗಾಡಿ ಚಾಲೂ ಮಾಡಿ, ಹತ್ತು ಮಾರು ಸರಿಸಿ, ಮತ್ತೆ ಮಲಗಬೇಕು. ಮಿಲ್ಲಿನಲ್ಲಿ ಏನಾದರೂ ಕೆಟ್ಟರೆ ಮರುದಿನವೂ ಅಲ್ಲೇ. ಅತ್ತ ರೈತ ಫೋನ್ ಮಾಡುತ್ತಾನೆ: "ಕಬ್ಬು ಒಣಗ್ತಾವಲ್ಲೋ, ತೂಕ ಕಡಿಮಿ ಬಿದ್ರ ಯಾರು ಕೊಡ್ತೀರಿ?" ಚಾಲಕ ಏನು ಹೇಳಬೇಕು? ಶೌಚಾಲಯ ಇರುತ್ತದೆ, ಅದಕ್ಕೆ ಕೀಲಿ ಇರುತ್ತದೆ. ಎರಡು ದಿನ ನಿಂತು ತೂಕ ಮಾಡಿಸಿ ಖಾಲಿ ಮಾಡಿ ಹೊರಬಂದವನ ಲೆಕ್ಕದ ಪುಸ್ತಕದಲ್ಲಿ ಬೀಳುವುದು ಒಂದೇ ಟ್ರಿಪ್. ಸಿಮೆಂಟ್ ಗೋದಾಮಿನಲ್ಲಿ ಸಾಲು ಸ್ವಲ್ಪ ಚಿಕ್ಕದು, ಧೂಳು ಜಾಸ್ತಿ. ಅಷ್ಟೇ ಫರಕು.

ಕಾಯ್ದೆ ಇದಕ್ಕೆ ಏನು ಹೇಳುತ್ತದೆ ಎಂದು ಹುಡುಕಿ ಓದಿದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದಿತ್ತು. ಈಗ ಅದನ್ನು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ. ಆ ಕಾಯ್ದೆಯಲ್ಲಿ ಕೆಲಸದ ಹೊತ್ತು ಎಂದರೆ ಯಾವುದು ಎಂಬ ವಿವರಣೆ ಇತ್ತು: ಗಾಡಿ ಓಡುವಾಗಿನ ಹೊತ್ತು, ಅದಕ್ಕೆ ಸಂಬಂಧಿಸಿದ ಪೂರಕ ಕೆಲಸದ ಹೊತ್ತು, ಮತ್ತು ಟರ್ಮಿನಲ್‌ಗಳಲ್ಲಿ ಸುಮ್ಮನೆ ಹಾಜರಿರುವ ಹೊತ್ತು, ಅದೂ ಹದಿನೈದು ನಿಮಿಷಕ್ಕಿಂತ ಕಡಿಮೆ ಇದ್ದರೆ. ಇದನ್ನು ನಮ್ಮ ಆಫೀಸಿನಲ್ಲಿ ಗಟ್ಟಿಯಾಗಿ ಓದಿ ಹೇಳಿದಾಗ ಒಬ್ಬ ಹಿರಿಯ ಚಾಲಕ, "ಹದಿನೈದು ನಿಮಿಷನ್ಯಾಗ ಚಹಾನೂ ಬರೂದಿಲ್ಲ" ಎಂದ. ಇಷ್ಟಾಗಿಯೂ ಆ ಕಾಯ್ದೆ ಅನ್ವಯಿಸುತ್ತಿದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದು ಗಾಡಿ, ಎರಡು ಗಾಡಿ ಇಟ್ಟುಕೊಂಡ ಮಾಲೀಕರೇ ತುಂಬಿರುವ ನಮ್ಮ ಕಡೆ ಅದರ ನೆರಳೂ ಬೀಳಲಿಲ್ಲ.

ಯಂತ್ರ ನಮ್ಮ ರಸ್ತೆಗಳಲ್ಲಿ ನಡೆಯುವುದೇ ಇಲ್ಲ, ಚಿಂತೆ ಯಾಕೆ ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಯುಗಾದಿಗೆ ಮುಂಚೆ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಿಂದ ಸಾವಿರಾರು ಜನ ನಡೆದು ಹೊರಡುತ್ತಾರೆ. ಬಿಸಿಲು ತಪ್ಪಿಸಲು ರಾತ್ರಿ ನಡೆಯುತ್ತಾರೆ, ಹೆಗಲ ಮೇಲೆ ಕಂಬಿ, ಹಣೆಯ ಮೇಲೆ ವಿಭೂತಿ, ಬೆನ್ನಿಗೆ ರಿಫ್ಲೆಕ್ಟರ್ ಇಲ್ಲ. ಆ ದಿನಗಳಲ್ಲಿ ಇಳಕಲ್ ಕಡೆ ಹೊರಟ ನಮ್ಮ ಚಾಲಕ ಎಡಗಡೆಯ ಪಟ್ಟಿಯನ್ನು ತಾನಾಗಿಯೇ ಬಿಟ್ಟುಕೊಡುತ್ತಾನೆ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡದ ರಸ್ತೆ ಎತ್ತಿನ ಗಾಡಿಗಳದ್ದು. 2022ರ ಡಿಸೆಂಬರ್‌ನಲ್ಲಿ ಗಡಿ ಗಲಾಟೆಯಾಗಿ ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರ ನಂಬರಿನ ಲಾರಿಗಳ ಮೇಲೆ ಕಲ್ಲು ಬಿದ್ದ ದಿನ, ಎದುರಿನಿಂದ ಬರುವ ಗಾಡಿ ಹೆಡ್‌ಲೈಟ್ ಮಿಣುಕಿಸಿದರೆ ಹಿಂದಿನ ಊರಲ್ಲೇ ನಿಲ್ಲಬೇಕು ಎಂಬುದನ್ನು ಚಾಲಕನಿಗೆ ಯಾರೂ ಕಲಿಸಬೇಕಿರಲಿಲ್ಲ. ತವಂದಿ ಘಾಟಿನಲ್ಲಿ ಮುಂದಿನ ಗಾಡಿಯ ಬ್ರೇಕಿನ ವಾಸನೆ ಬಂತೆಂದು ಅಂತರ ಬಿಡುವವನೂ ಅವನೇ. ಆದರೆ ಅಮೆರಿಕದ ಕಂಪನಿಗಳೂ ಮೊದಲು ಹಗಲು, ಒಳ್ಳೆ ಹವೆ, ನೇರ ರಸ್ತೆ ಆರಿಸಿಕೊಂಡು ನಂತರ ರಾತ್ರಿಗೆ ಹೋದವು. ತಮಗೆ ಬೇಕಾದ ರಸ್ತೆಯನ್ನು ಅವು ಆರಿಸುತ್ತವೆ. ಉಳಿದದ್ದು ನಮ್ಮ ಪಾಲಿಗೆ ಎಂಬುದೇ ನನ್ನ ತಕರಾರು.

ಲಾರಿ ನಡುದಾರಿಯಲ್ಲಿ ಕೆಟ್ಟು ನಿಂತರೆ ಏನು ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿರಿ. ನಮ್ಮವರು ಹಿಂದೆ ನಾಲ್ಕು ಕಲ್ಲು ಇಟ್ಟು, ಬೇವಿನ ಟೊಂಗೆ ಕಡಿದು ಹಾಕುತ್ತಾರೆ. ಗಾಡಿ ರಿಪೇರಿಯಾದ ಮೇಲೆ ಕಲ್ಲು ಅಲ್ಲೇ ಬಿಟ್ಟುಹೋಗುತ್ತಾರೆ, ಅದಕ್ಕೆ ಬೈಕಿನವರು ಬೀಳುತ್ತಾರೆ. ಅದು ನಮ್ಮವರ ದೊಡ್ಡ ಕೆಟ್ಟ ಚಾಳಿ. ಅಮೆರಿಕದಲ್ಲಿ ಲಾರಿ ನಿಂತ ಹತ್ತು ನಿಮಿಷದೊಳಗೆ ಎಚ್ಚರಿಕೆಯ ತ್ರಿಕೋನ ಇಡಬೇಕೆಂಬ ನಿಯಮ. ಇಡಲು ಇಳಿಯುವವರೇ ಇಲ್ಲದ ಲಾರಿಗೆ ಏನು ಮಾಡುವುದು? ಲಾರಿಗೇ ಮಿನುಗು ದೀಪ ಹಚ್ಚುತ್ತೇವೆ, ವಿನಾಯಿತಿ ಕೊಡಿ ಎಂದು ಕಂಪನಿಗಳು ಕೇಳಿದವು. 2024ರ ಕೊನೆಗೆ ಅಲ್ಲಿನ ಸಾರಿಗೆ ಇಲಾಖೆ ಒಪ್ಪಲಿಲ್ಲ, ಅರೋರಾ ಕೋರ್ಟಿಗೆ ಹೋಯಿತು. ಒಂದು ತ್ರಿಕೋನಕ್ಕೆ ಇಷ್ಟು. ನಮ್ಮ ಕಾಯ್ದೆಯ 134ನೇ ಕಲಂ, ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ ಎನ್ನುತ್ತದೆ. ಜನ ಹೊಡೆಯುತ್ತಾರೆಂದು ಓಡಿಹೋಗುವವರೂ ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಖಾಲಿ ಕ್ಯಾಬಿನ್ ಯಾರ ಕರ್ತವ್ಯ ಮಾಡಬೇಕು? ಮಾಲೀಕನೇ, ಯಂತ್ರ ಮಾಡಿದ ಕಂಪನಿಯೇ, ನೂರಾರು ಕಿ.ಮೀ. ದೂರ ಪರದೆ ನೋಡುತ್ತ ಕುಳಿತವನೇ? ಹಿಟ್ ಅಂಡ್ ರನ್‌ಗೆ ಹತ್ತು ವರ್ಷದವರೆಗೆ ಜೈಲು ಎಂಬ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನ ವಿರುದ್ಧ 2024ರ ಜನವರಿಯ ಮೊದಲ ದಿನಗಳಲ್ಲೇ ದೇಶದ ಲಾರಿಗಳು ನಿಂತಿದ್ದವು. ಚಾಲಕನಿಗೆ ಹತ್ತು ವರ್ಷ ಬರೆಯಲು ಬರುವ ಕೈಗೆ ಸಾಫ್ಟ್‌ವೇರ್ ಕಂಪನಿಗೂ ಏನಾದರೂ ಬರೆಯಲು ಬರಬೇಕು.

ಯಂತ್ರದ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನ್ಯಾಯವಲ್ಲ. ಅದಕ್ಕೆ ನಿದ್ದೆ ಬರುವುದಿಲ್ಲ. 2023ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1.72 ಲಕ್ಷ ಜನ. ಬೆಳಗಿನ ಜಾವ ಮೂರರಿಂದ ಐದರ ನಡುವೆ ಕಣ್ಣು ತೆರೆದೇ ನಿದ್ದೆ ಹೋಗುವುದು ಹೇಗೆ ಎಂದು ಯಾವ ಚಾಲಕನನ್ನು ಕೇಳಿದರೂ ಹೇಳುತ್ತಾನೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವ ಹುಚ್ಚು ಧೈರ್ಯವೂ ಯಂತ್ರಕ್ಕಿಲ್ಲ. ಓವರ್‌ಲೋಡ್ ಹೇರಿದರೆ ಅದು ಹೊರಡಲೂ ಒಪ್ಪಲಿಕ್ಕಿಲ್ಲ. ಆ ದಿನ ನಮ್ಮ ಕಬ್ಬಿನ ಗುತ್ತಿಗೆದಾರರ ಮುಖ ನೋಡಬೇಕೆಂಬ ಆಸೆ ನನಗಿದೆ. ತಾನೇ ಬ್ರೇಕ್ ಹಾಕುವ, ತೂಕಡಿಸಿದರೆ ಎಚ್ಚರಿಸುವ ಸಾಧನಗಳನ್ನು ಭಾರಿ ವಾಹನಗಳಿಗೆ ಕಡ್ಡಾಯ ಮಾಡುವ ಕರಡನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಹೊರಡಿಸಿದೆ. 2025ರ ಅಕ್ಟೋಬರ್ 1ರ ನಂತರ ತಯಾರಾದ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಏಪ್ರಿಲ್ ತಿಂಗಳಲ್ಲಿ ವಿಜಯಪುರದಿಂದ ಸೋಲಾಪುರಕ್ಕೆ ಮಧ್ಯಾಹ್ನ ಗಾಡಿ ಓಡಿಸಿದವರಿಗೆ ಅದರ ಬೆಲೆ ಗೊತ್ತು. ಚಾಲಕನನ್ನು ಕಾಪಾಡುವ ಯಂತ್ರ ಬೇಗ ಬರಲಿ. ಅವನನ್ನು ಇಳಿಸುವ ಯಂತ್ರದ ಬಗ್ಗೆ ಮಾತ್ರ ಕರಾರು ಮೊದಲು ಆಗಲಿ.

ಚಾಲಕರೇ ಸಿಗುತ್ತಿಲ್ಲವಲ್ಲ, ಯಂತ್ರ ಬಂದರೆ ಒಳ್ಳೆಯದಲ್ಲವೇ ಎಂದು ದೊಡ್ಡ ಗಾಡಿ ಮಾಲೀಕರು ಕೇಳುತ್ತಾರೆ. ಸಿಗುತ್ತಿಲ್ಲ, ನಿಜ. ನಮ್ಮ ಆಫೀಸಿನ ಮುಂದೆಯೂ ಚಾಲಕನಿಲ್ಲದೆ ಗಾಡಿ ನಿಲ್ಲುತ್ತವೆ. ಯಾಕೆ ಸಿಗುತ್ತಿಲ್ಲ ಎಂಬುದನ್ನು ಕೇಳಬೇಕಲ್ಲ. ಡ್ರೈವರ್ ಅಂದರೆ ಹೆಣ್ಣು ಕೊಡುವುದಿಲ್ಲ. ನಿಡಗುಂದಿ ಕಡೆಯ ಒಬ್ಬ ಹುಡುಗನ ಸಂಬಂಧದ ಮಾತುಕತೆಗೆ ನಾನೇ ಹೋಗಿದ್ದೆ. ಹೊಲ ಇದೆ, ಸ್ವಂತ ಮನೆ ಇದೆ, ಹುಡುಗ ಕುಡಿಯುವುದಿಲ್ಲ. ಹೆಣ್ಣಿನ ತಾಯಿ ಕೇಳಿದ್ದು ಒಂದೇ: "ತಿಂಗಳಿಗೆ ಎಷ್ಟು ದಿನ ಮನ್ಯಾಗ ಇರ್ತಾನ?" ಹುಡುಗನಿಗೆ ಉತ್ತರ ಬರಲಿಲ್ಲ, ಯಾಕೆಂದರೆ ಅದು ಅವನ ಕೈಯಲ್ಲಿಲ್ಲ. ಯಾವ ಗೇಟಿನಲ್ಲಿ ಎಷ್ಟು ದಿನ ನಿಲ್ಲಿಸುತ್ತಾರೋ ಅದರ ಮೇಲೆ ಅವನ ಸಂಸಾರ ನಿಂತಿದೆ. ಈಗ ಅವನು ಒಂದು ಕಂಪನಿಯ ಪಾರ್ಸೆಲ್ ಹಂಚುತ್ತಾನೆ, ಗಳಿಕೆ ಕಡಿಮೆ, ರಾತ್ರಿ ಮನೆಗೆ ಬರುತ್ತಾನೆ. ಕಾಯುವ ಹೊತ್ತಿಗೆ ಬೆಲೆ ಕಟ್ಟಿದರೆ ಗೇಟಿನವರು ತಾವಾಗಿಯೇ ಬೇಗ ಬಿಡುತ್ತಾರೆ. ಚಾಲಕರ ಕೊರತೆಗೆ ಅದಕ್ಕಿಂತ ಅಗ್ಗದ ಮದ್ದು ನನಗೆ ಗೊತ್ತಿಲ್ಲ. ಅಮೆರಿಕದಲ್ಲಿ ಲಾರಿ ಖರ್ಚಿನ ದೊಡ್ಡ ಪಾಲು ಚಾಲಕನ ಸಂಬಳ, ಅವರಿಗೆ ಯಂತ್ರದ ಲೆಕ್ಕ ಹೊಂದುತ್ತದೆ. ನಮ್ಮಲ್ಲಿ ದೊಡ್ಡ ಪಾಲು ಡೀಸೆಲ್ಲಿನದು. ಆದ್ದರಿಂದ ನಮಗೆ ಸಿಕ್ಕಿರುವ ಸಮಯ ಸ್ವಲ್ಪ ಜಾಸ್ತಿ, ಅಷ್ಟೇ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುತ್ತಿದ್ದೇನೆ ಎನ್ನಬೇಡಿರಿ. ನಾನು ಕೇಳುವ ಒಂದೊಂದೂ ಯಂತ್ರ ಬರದೇ ಹೋದರೂ ಬೇಕಾದದ್ದೇ.

ಕಾರ್ಮಿಕ ಸಚಿವರಿಗೆ: 2024ರಲ್ಲಿ ನೀವು ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ತಂದಿರಿ. ಚಾಲಕ, ಕ್ಲೀನರ್ ಜೊತೆಗೆ ಗ್ಯಾರೇಜಿನವರನ್ನೂ ಸೇರಿಸಿದ್ದು ಒಳ್ಳೆಯ ಬುದ್ಧಿ. ಆದರೆ ನೋಂದಣಿ ಎಂದು ಚಾಲಕನನ್ನು ಕಚೇರಿಗೆ ಕರೆದರೆ ಅವನು ಆ ದಿನ ಗುಜರಾತಿನಲ್ಲಿರುತ್ತಾನೆ. ನಿಮ್ಮ ಇಲಾಖೆಯೇ ಯಾರ್ಡಿಗೆ ಬರಲಿ. ಹಂಗಾಮಿನ ಒಂದು ವಾರ ಸಕ್ಕರೆ ಕಾರ್ಖಾನೆಗಳ ಸಾಲಿನಲ್ಲಿ ನಡೆದರೆ ಸಾಕು, ಒಂದು ವರ್ಷದ ನೋಂದಣಿ ಮುಗಿಯುತ್ತದೆ, ಯಾರೂ ಎಲ್ಲಿಗೂ ಓಡಿಹೋಗಿರುವುದಿಲ್ಲ. ಮತ್ತೆ, ಗೇಟಿಗೆ ಬಂದ ಹೊತ್ತು, ಹೊರಬಿದ್ದ ಹೊತ್ತು ಎರಡನ್ನೂ ಟೋಕನ್ ಚೀಟಿಯ ಮೇಲೆ ಮುದ್ರಿಸಬೇಕು, ಒಂದು ಮಿತಿ ದಾಟಿದ ಮೇಲೆ ತಾಸಿಗಿಷ್ಟು ಎಂದು ಮಾಲು ಕಳಿಸಿದವರು ಅಥವಾ ಇಳಿಸಿಕೊಳ್ಳುವವರು ಕೊಡಬೇಕು ಎಂದು ನಿಯಮ ಮಾಡಿರಿ. ಕಂಪ್ಯೂಟರ್ ಈಗಾಗಲೇ ಆ ಹೊತ್ತನ್ನು ಬರೆದುಕೊಳ್ಳುತ್ತದೆ, ಚಾಲಕನಿಗೆ ತೋರಿಸುವುದಿಲ್ಲ ಅಷ್ಟೇ. ಆ ದುಡ್ಡಿನಲ್ಲಿ ಚಾಲಕನ ಪಾಲು ಇಷ್ಟು ಎಂದೂ ಬರೆಯಿರಿ. ಇಲ್ಲದಿದ್ದರೆ ಮಾಲೀಕನ ಕಿಸೆಯಲ್ಲೇ ನಿಂತುಬಿಡುತ್ತದೆ. ಮಾಲೀಕರ ಆಫೀಸಿನಲ್ಲಿ ಕುಳಿತೇ ಈ ಮಾತು ಬರೆಯುತ್ತಿದ್ದೇನೆ.

ಸಾರಿಗೆ ಸಚಿವರಿಗೆ: 2ಬಿ ಕಲಮಿನ ಹೆಸರಲ್ಲಿ ಕೇಂದ್ರದವರು ಯಾವ ಕಂಪನಿಗೆ ಯಾವ ರಸ್ತೆಯಲ್ಲಿ ಪರೀಕ್ಷೆಗೆ ವಿನಾಯಿತಿ ಕೊಟ್ಟರೂ, ಆ ರಸ್ತೆ ಕರ್ನಾಟಕದ್ದಾದರೆ ಮೊದಲು ಆ ಜಿಲ್ಲೆಯ ಜನರಿಗೆ ಕನ್ನಡದಲ್ಲಿ ತಿಳಿಸಬೇಕು ಎಂದು ದೆಹಲಿಗೆ ಈಗಲೇ ಬರೆಯಿರಿ. ಗಣಿ, ಫ್ಯಾಕ್ಟರಿಯ ಕಾಂಪೌಂಡಿನ ಒಳಗೆ ಇಂಥ ವಾಹನ ಇಳಿಸುವವರೂ ಎಷ್ಟು ಚಾಲಕರ ಜಾಗದಲ್ಲಿ ಇಳಿಸುತ್ತಿದ್ದೇವೆ ಎಂದು ಜಿಲ್ಲಾಧಿಕಾರಿಗೆ ಲೆಕ್ಕ ಕೊಡಲಿ. ದೂರದಿಂದ ಲಾರಿ ನೋಡಿಕೊಳ್ಳುವ ಕೆಲಸ, ಯಾರ್ಡಿನಲ್ಲಿ ಸೆನ್ಸರ್ ಒರೆಸಿ ಪರೀಕ್ಷಿಸುವ ಕೆಲಸ ಹುಟ್ಟುವುದಾದರೆ ಅದಕ್ಕೆ ಮೊದಲ ಹಕ್ಕು ಲೈಸೆನ್ಸ್ ಇರುವ ಚಾಲಕನದ್ದು ಎಂದು ಕರಾರಿನಲ್ಲಿ ಬರೆಸಿರಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬೆಳಗಾವಿಯಲ್ಲೇ ಇದೆ. ಇಂಥ ತರಬೇತಿಯ ಪಠ್ಯ ಬರೆಯಲು ಅವರಿಗೆ ಹೇಳಿರಿ. ಬರೆಯುವಾಗ ಹತ್ತನೇ ಇಯತ್ತೆ ಫೇಲಾದ, ಆದರೆ ಗೇರ್ ಬಾಕ್ಸಿನ ಸದ್ದು ಕೇಳಿಯೇ ರೋಗ ಹೇಳುವ ನಾಲ್ಕು ಜನರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ.

ಅಧಿವೇಶನದ ನಡುವೆ ಒಂದು ಸಂಜೆ ಬಿಡುವು ಮಾಡಿಕೊಂಡು ಯಾವುದಾದರೂ ಕಾರ್ಖಾನೆಯ ಯಾರ್ಡಿಗೆ ಬನ್ನಿರಿ. ಮೊದಲೇ ತಿಳಿಸಬೇಡಿರಿ, ತಿಳಿಸಿದರೆ ಸಾಲು ಖಾಲಿ ಮಾಡಿಸಿ, ಶೌಚಾಲಯದ ಕೀಲಿ ತೆಗೆದಿಟ್ಟಿರುತ್ತಾರೆ. ಗೇಟಿನಲ್ಲಿ ಟೋಕನ್ ರಿಜಿಸ್ಟರ್ ಕೇಳಿರಿ. ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ನೋಡಿ, ಆ ಹೊತ್ತಿಗೆ ಚಾಲಕನಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿರಿ. ಅವರು ಕೊಟ್ಟ ಉತ್ತರವನ್ನು ಸದನದಲ್ಲಿ ಓದಿರಿ.

ಇಂತಿ,
ವಿಜಯಪುರದ ಒಬ್ಬ ಹುಂಡೇಕಾರಿ ಗುಮಾಸ್ತ, ಮಾಜಿ ಲಾರಿ ಚಾಲಕ